ರಕ್ತದೊಳಗಿನ ಲೆಕ್ಕ: ಡಾ. ಯಲ್ಲಾಪ್ರಗಡ ಸುಬ್ಬರಾವ್

ವಿಜ್ಞಾನ ದಿನಾಚರಣೆ ಬಂತೆಂದರೆ ಸರ್ ಸಿ.ವಿ. ರಾಮನ್ ಅವರ ಹೆಸರನ್ನು ನಮ್ಮ ಮಕ್ಕಳೆಲ್ಲರೂ ಹೇಳುತ್ತಾರೆ. ಡಾ. ಅಬ್ದುಲ್ ಕಲಾಂ ಅವರ ಭಾವಚಿತ್ರವಂತೂ ಎಷ್ಟೋ ಶಾಲೆಗಳ ಗೋಡೆಯ ಮೇಲಿದೆ. ಆದರೆ ರಕ್ತ ಕ್ಯಾನ್ಸರ್ ಆದ ಮಕ್ಕಳಿಗೆ ಇಂದು ಕೊಡುವ ಮುಖ್ಯ ಔಷಧಿಗಳಲ್ಲೊಂದು ಒಬ್ಬ ಭಾರತೀಯರ ಮೇಲ್ವಿಚಾರಣೆಯಲ್ಲಿ ತಯಾರಾಯಿತು ಎಂದರೆ ದೊಡ್ಡವರೂ ಆಶ್ಚರ್ಯಪಡುತ್ತಾರೆ. ವೈದ್ಯಲೋಕ ಚೆನ್ನಾಗಿ ಬಲ್ಲ ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯಿಸುವ ಸಲುವಾಗಿ ಈ ಲೇಖನ.

ಸುಬ್ಬರಾವ್ ಅವರು ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಗೋದಾವರಿ ಸೀಮೆಯ ಭೀಮವರಂನಲ್ಲಿ. ಮನೆಮಾತು ತೆಲುಗು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ತಂದೆಯ ಆರೋಗ್ಯ ಕೆಟ್ಟು ಮನೆಯಲ್ಲಿ ಕಷ್ಟವಿತ್ತು. ಹುಡುಗನಿಗೆ ಓದು ಹತ್ತಲಿಲ್ಲ. ಹದಿಮೂರನೇ ವಯಸ್ಸಿನಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುತ್ತೇನೆಂದು ಮನೆ ಬಿಟ್ಟು ಓಡಿದ್ದುಂಟು. ದಾರಿಯಲ್ಲೇ ಹಿಡಿದು ಕರೆತಂದರು. ತಾಯಿ ಪಟ್ಟು ಹಿಡಿದು ಮತ್ತೆ ಶಾಲೆಗೆ ಹಾಕಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಕುಳಿತು ಪಾಸಾದರು. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ನಮ್ಮ ಕೆಲವು ಮನೆಗಳಲ್ಲಿ ನಡೆಯುವ ರಂಪ ನೋಡಿದವರಿಗೆ ಈ ಮೂರನೆಯ ಸಲದ ಬೆಲೆ ಗೊತ್ತಾಗುತ್ತದೆ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಅವರ ಮನಸ್ಸು ಸಂನ್ಯಾಸದ ಕಡೆ ತಿರುಗಿತ್ತು. ರಾಮಕೃಷ್ಣ ಮಠ ಸೇರಲು ಹೋದಾಗ ಅಲ್ಲಿಯ ಹಿರಿಯರು ವೈದ್ಯನಾಗಿ ಜನಸೇವೆ ಮಾಡು ಎಂಬ ಸಲಹೆ ಕೊಟ್ಟರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಹಾಗೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಅದು ಅಸಹಕಾರದ ಕಾಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ಕೋಣೆಗೂ ಖಾದಿ ನಿಲುವಂಗಿ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಇದು ಸಹಿಸಲಿಲ್ಲ. ಕೊನೆಗೆ ಸುಬ್ಬರಾವ್ ಅವರಿಗೆ ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ಸಿಕ್ಕಿತು. ಸರ್ಕಾರಿ ವೈದ್ಯ ಸೇವೆಯ ಬಾಗಿಲು ಮುಚ್ಚಿತು. ಡಾ. ಲಕ್ಷ್ಮೀಪತಿಯವರು ಮದ್ರಾಸಿನಲ್ಲಿ ನಡೆಸುತ್ತಿದ್ದ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದರು.

ಅವರ ಬದುಕಿನ ದಾರಿ ತಿರುಗಿಸಿದ ದುಃಖವೊಂದಿದೆ. ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಬೇನೆಯಿಂದ ಎಂಟು ದಿನಗಳ ಅಂತರದಲ್ಲಿ ತೀರಿಕೊಂಡರು. ತಿಂದ ಅನ್ನ ಮೈಗೆ ಹತ್ತದೆ, ಭೇದಿಯಾಗಿ, ರಕ್ತ ಬತ್ತಿ ಮನುಷ್ಯ ಸವೆಯುವ ಕಾಯಿಲೆ ಇದು. ಆಗ ಇದಕ್ಕೆ ಮದ್ದಿರಲಿಲ್ಲ. ಸುಬ್ಬರಾವ್ ಅವರಿಗೂ ಅದು ತಗುಲಿ, ಆಯುರ್ವೇದದ ಔಷಧೋಪಚಾರದಲ್ಲಿ ಅವರು ಉಳಿದುಕೊಂಡರು. ಉಷ್ಣವಲಯದ ಕಾಯಿಲೆಗಳನ್ನು ಓದಲೇಬೇಕೆಂಬ ಹಟ ಅಲ್ಲಿಂದ ಶುರುವಾಯಿತು. ಮಾವ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರು ಮತ್ತು ಕಾಕಿನಾಡದ ಒಂದು ಧರ್ಮನಿಧಿ ಹಣ ಹೊಂದಿಸಿಕೊಟ್ಟರು. 1920ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಬಾಸ್ಟನ್ ನಗರಕ್ಕೆ ಬಂದಿಳಿದರು. ಮದುವೆಯಾಗಿ ಕೆಲವೇ ವರ್ಷಗಳಾಗಿದ್ದವು. ಪತ್ನಿ ಶೇಷಗಿರಿಯವರು ಊರಿನಲ್ಲೇ ಉಳಿದರು. ಆಮೇಲೆ ಹುಟ್ಟಿದ ಗಂಡು ಮಗು ಎಳೆತನದಲ್ಲೇ ತೀರಿಕೊಂಡಿತು. ಸುಬ್ಬರಾವ್ ಅವರು ಮತ್ತೆ ಭಾರತಕ್ಕೆ ಬರಲೇ ಇಲ್ಲ. ಅವರ ಸಾಧನೆಯನ್ನು ಹೊಗಳಿ ಬರೆಯುವವರು ಈ ತಾಯಿಯ ಕಾಯುವಿಕೆಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ.

ಹಾರ್ವರ್ಡ್‌ನಲ್ಲಿ ಉಷ್ಣವಲಯ ವೈದ್ಯಶಾಸ್ತ್ರದ ಡಿಪ್ಲೊಮಾ ಓದುವಾಗ ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸದಾಳಾಗಿ ದುಡಿದರು. ಬಳಿಕ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯ ಕೈಕೆಳಗೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ರಕ್ತ ಮತ್ತು ಮೂತ್ರದಲ್ಲಿ ರಂಜಕ, ಅಂದರೆ ಫಾಸ್ಫರಸ್, ಎಷ್ಟಿದೆ ಎಂದು ಅಳೆಯುವುದು. ಕೇಳಲು ಸಣ್ಣ ಕೆಲಸ. ಆದರೆ ಮೂಳೆಯ ಕಾಯಿಲೆ, ಮೂತ್ರಪಿಂಡದ ಕಾಯಿಲೆಗಳಲ್ಲಿ ಈ ಪ್ರಮಾಣ ಏರುಪೇರಾಗುತ್ತದೆ. ದೊಡ್ಡವರ 100 ಮಿಲಿಲೀಟರ್ ರಕ್ತರಸದಲ್ಲಿ ಅದು ಇರುವುದು ಸುಮಾರು ಎರಡೂವರೆಯಿಂದ ನಾಲ್ಕೂವರೆ ಮಿಲಿಗ್ರಾಂ ಮಾತ್ರ. ಇಷ್ಟು ಚಿಕ್ಕ ಅಂಶವನ್ನು ತಕ್ಕಡಿಯಲ್ಲಿ ತೂಗಲಾಗದು.

ಇಬ್ಬರೂ ಕಂಡುಕೊಂಡ ಉಪಾಯ ಬಣ್ಣದ್ದು. ಮೊದಲು ಆಮ್ಲ ಹಾಕಿ ರಕ್ತದ ಪ್ರೋಟೀನನ್ನು ಹೆಪ್ಪುಗಟ್ಟಿಸಿ ಸೋಸಿ ತೆಗೆಯಬೇಕು. ಉಳಿದ ತಿಳಿಗೆ ಮಾಲಿಬ್ಡೇಟ್ ಸೇರಿಸಿ, ಆಮೇಲೆ ಇನ್ನೊಂದು ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಬರುತ್ತದೆ. ರಂಜಕ ಹೆಚ್ಚಿದ್ದರೆ ನೀಲಿ ಗಾಢ, ಕಡಿಮೆಯಿದ್ದರೆ ತೆಳು. ಪ್ರಮಾಣ ಗೊತ್ತಿರುವ ದ್ರಾವಣದ ನೀಲಿಗೆ ಹೋಲಿಸಿ ಲೆಕ್ಕ ಹಾಕಬೇಕು. 1925ರಲ್ಲಿ ಇದು ಪ್ರಕಟವಾಯಿತು. ಫಿಸ್ಕ್-ಸುಬ್ಬರಾವ್ ವಿಧಾನ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ತಲೆಮಾರುಗಳ ಕಾಲ ವಿದ್ಯಾರ್ಥಿಗಳು ಇದನ್ನು ಕಲಿತಿದ್ದಾರೆ. ಸೋಸಿ ಪ್ರೋಟೀನ್ ತೆಗೆಯುವುದು, ಗೊತ್ತಿರುವುದರೊಂದಿಗೆ ಗೊತ್ತಿಲ್ಲದ್ದನ್ನು ಹೋಲಿಸುವುದು ಎಂಬ ಈ ಎರಡು ಹೆಜ್ಜೆಗಳನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತವೆ.

ಈ ಅಳತೆಯೇ ದೊಡ್ಡ ಶೋಧನೆಗೆ ದಾರಿ ಮಾಡಿತು. ಸ್ನಾಯುವಿನ ರಸದಲ್ಲಿ ರಂಜಕ ಅಳೆಯುವಾಗ ನೀಲಿ ಬಣ್ಣ ಒಮ್ಮೆಲೇ ಬಾರದೆ ತಡವಾಗಿ ಏರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ರಾಸಾಯನಿಕ ಹಳೆಯದಾಯಿತೆಂದು ಚೆಲ್ಲಿಬಿಡುತ್ತಿದ್ದರೇನೋ. ಇವರು ಆ ತಡದ ಬೆನ್ನು ಹತ್ತಿದರು. ಸುಲಭವಾಗಿ ಮುರಿದು ರಂಜಕ ಬಿಟ್ಟುಕೊಡುವ ವಸ್ತುವೊಂದು ಸ್ನಾಯುವಿನಲ್ಲಿದೆ ಎಂದು ಗೊತ್ತಾಯಿತು. ಅದೇ 1927ರಲ್ಲಿ ಪ್ರಕಟವಾದ ಫಾಸ್ಫೋಕ್ರಿಯೇಟಿನ್. 1929ರಲ್ಲಿ ಎ.ಟಿ.ಪಿ.ಯನ್ನೂ ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯ ಲೋಹ್‌ಮಾನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರಿಂದ ಕೀರ್ತಿ ಇಬ್ಬರಿಗೂ ಸಲ್ಲಬೇಕು. ಪಿ.ಯು.ಸಿ. ಜೀವಶಾಸ್ತ್ರದಲ್ಲಿ ನಮ್ಮ ಮಕ್ಕಳು ಜೀವಕೋಶದ ಶಕ್ತಿಯ ನಾಣ್ಯ ಎಂದು ಓದುವ ಎ.ಟಿ.ಪಿ. ಇದೇ.

1930ರಲ್ಲಿ ಪಿಎಚ್.ಡಿ. ಬಂತು. ಕಾಯಂ ಹುದ್ದೆ ಮಾತ್ರ ಬರಲಿಲ್ಲ. ಅವರೊಂದಿಗೆ ಹಾರ್ವರ್ಡ್‌ನಲ್ಲಿದ್ದ, 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಅವರು ಬಹಳ ವರ್ಷಗಳ ನಂತರ ಒಂದು ವಿಷಯ ತಿಳಿಸಿದ್ದಾರೆ. ಫಿಸ್ಕ್ ಅವರು ಅಸೂಯೆಯಿಂದ ಸುಬ್ಬರಾವ್ ಅವರ ಕೆಲವು ಸಂಶೋಧನೆಗಳು ಬೆಳಕಿಗೆ ಬರದಂತೆ ತಡೆದರು, ಅವನ್ನು ಬೇರೆಯವರು ವರ್ಷಗಳ ಬಳಿಕ ಮತ್ತೆ ಕಂಡುಹಿಡಿಯಬೇಕಾಯಿತು ಎಂಬುದು ಅದರ ಸಾರಾಂಶ. ದೇಶದ ಕಾನೂನೂ ಅವರ ಕಡೆಗಿರಲಿಲ್ಲ. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. 1946ರಲ್ಲಷ್ಟೇ ಆ ನಿಯಮ ಬದಲಾಯಿತು.

1940ರಲ್ಲಿ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿ ಸೇರಿದರು. ಬೇಗನೆ ಅಲ್ಲಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಮುಂದಿನ ಎಂಟು ವರ್ಷ ಅವರ ಜೀವನದ ಫಸಲಿನ ಕಾಲ. ಅವರ ಕಣ್ಗಾವಲಿನಲ್ಲಿ ವಯೋವೃದ್ಧ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿ ಆರಿಯೋಮೈಸಿನ್ ಕಂಡುಹಿಡಿದರು. ಆನೆಕಾಲು ರೋಗದ ಹುಳುಗಳನ್ನು ಕೊಲ್ಲುವ ಹೆಟ್ರಜಾನ್ ಅಲ್ಲೇ ಬಂತು. ನಮ್ಮ ಕರಾವಳಿಯಲ್ಲೂ ಕಲಬುರಗಿ, ಬೀದರ್ ಕಡೆಯೂ ರಾತ್ರಿ ಹೊತ್ತು ಬೆರಳಿನಿಂದ ರಕ್ತ ತೆಗೆದುಕೊಂಡು ಹೋಗುವ ಫೈಲೇರಿಯಾ ಸಿಬ್ಬಂದಿಯನ್ನು ಹಿರಿಯರು ಬಲ್ಲರು. ಅವರು ಹಂಚುವ ಡಿ.ಇ.ಸಿ. ಮಾತ್ರೆ ಇದೇ ಹೆಟ್ರಜಾನ್.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಫೋಲಿಕ್ ಆಮ್ಲ. ಶಾಲೆಗಳಲ್ಲಿ ಕಬ್ಬಿಣಾಂಶದ ಜೊತೆ ಸೇರಿಸಿ ಕೊಡುವ ಮಾತ್ರೆಯಲ್ಲಿ ಇರುವುದು ಇದೇ. ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1931ರಲ್ಲೇ ತೋರಿಸಿದ್ದರು. ಆ ಸಾರದೊಳಗಿನ ವಸ್ತು ಯಾವುದೆಂದು ಪತ್ತೆ ಹಚ್ಚುವ ಪೈಪೋಟಿ ಹಲವು ಪ್ರಯೋಗಾಲಯಗಳಲ್ಲಿ ನಡೆದಿತ್ತು. 1945ರಲ್ಲಿ ಸುಬ್ಬರಾವ್ ಅವರ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಸ್ಪ್ರೂ ರೋಗಿಗಳಿಗೆ ಇದನ್ನು ಕೊಟ್ಟಾಗ ರಕ್ತ ಚೇತರಿಸಿಕೊಂಡಿತು. ಇಬ್ಬರು ಸಹೋದರರನ್ನು ಕೊಂದ ಕಾಯಿಲೆಗೆ ಕಾಲು ಶತಮಾನದ ನಂತರ ಅವರದೇ ಪ್ರಯೋಗಾಲಯದಿಂದ ಮದ್ದು ಹೊರಟಿತು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಡಾ. ಸಿಡ್ನಿ ಫಾರ್ಬರ್ ಅವರು ರಕ್ತ ಕ್ಯಾನ್ಸರ್ ಆದ ಮಕ್ಕಳಿಗೆ ಫೋಲಿಕ್ ಆಮ್ಲದ ಜಾತಿಯ ವಸ್ತುಗಳನ್ನು ಕೊಟ್ಟು ನೋಡಿದಾಗ ಕಾಯಿಲೆ ಇನ್ನೂ ಜೋರಾದಂತೆ ಕಂಡಿತು. ಕೊಟ್ಟರೆ ಬೆಳೆಯುವುದಾದರೆ ತಡೆದರೆ ಸಾಯಬೇಕಲ್ಲವೇ? ಬೀಗಕ್ಕೆ ಹೊಂದುವ ಆದರೆ ತಿರುಗದ ನಕಲಿ ಬೀಗದ ಕೈಯಂತೆ, ನೋಡಲು ಫೋಲಿಕ್ ಆಮ್ಲದ ಹಾಗೆಯೇ ಇದ್ದು ಕೆಲಸ ಕೆಡಿಸುವ ವಸ್ತು ಬೇಕಾಗಿತ್ತು. ಲೆಡರ್ಲೆಯಲ್ಲಿ ಡೋರಿಸ್ ಸೀಗರ್ ಮತ್ತು ಸಂಗಡಿಗರು ಅಮಿನೋಪ್ಟೆರಿನ್ ತಯಾರಿಸಿದರು. ಸುಬ್ಬರಾವ್ ಅವರು ಅದನ್ನು ಫಾರ್ಬರ್ ಅವರಿಗೆ ಕಳಿಸಿಕೊಟ್ಟರು. 1947ರ ಕೊನೆಯಲ್ಲಿ ಚಿಕಿತ್ಸೆ ಆರಂಭವಾಯಿತು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ಗುಣ ಕಂಡಿತ್ತು. ಅದು ತಾತ್ಕಾಲಿಕ ಗುಣ, ಕಾಯಿಲೆ ಮರಳಿ ಬರುತ್ತಿತ್ತು. ಆದರೆ ಅದಕ್ಕೆ ಮುಂಚೆ ಆ ಮಕ್ಕಳಿಗೆ ಅಷ್ಟೂ ಇರಲಿಲ್ಲ. ಎಲ್ಲವನ್ನೂ ಸುಬ್ಬರಾವ್ ಒಬ್ಬರೇ ಮಾಡಿದರೆಂದು ನಮ್ಮಲ್ಲಿ ಕೆಲವರು ಬರೆಯುವುದುಂಟು. ಅದು ಅವರ ತಂಡಕ್ಕೆ ಮಾಡುವ ಅನ್ಯಾಯ. ಯಾವುದನ್ನು ಹುಡುಕಬೇಕೆಂದು ತೋರಿಸಿ, ಹುಡುಕುವವರನ್ನು ಸೇರಿಸಿ, ಸಿಕ್ಕಿದ್ದನ್ನು ರೋಗಿಯ ಹಾಸಿಗೆವರೆಗೆ ಮುಟ್ಟಿಸಿದವರು ಅವರು. ಇದೇನು ಕಡಿಮೆಯೇ?

ಆ ವರದಿ ಬಂದ ಎರಡು ತಿಂಗಳಿಗೆ, 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ನಿದ್ರೆಯಲ್ಲೇ ಹೃದಯಾಘಾತದಿಂದ ಅವರು ತೀರಿಕೊಂಡರು. ವಯಸ್ಸು 53. ಒಂದು ಶಿಲೀಂಧ್ರದ ಕುಲಕ್ಕೆ ಅವರ ಹೆಸರಿಟ್ಟರು. ಭಾರತ ಸರ್ಕಾರ ಜನ್ಮಶತಾಬ್ದಿಯ ವರ್ಷ 1995ರಲ್ಲಿ ಅಂಚೆಚೀಟಿ ಹೊರಡಿಸಿತು. ನೊಬೆಲ್ ಬರಲಿಲ್ಲ.

ಅಮಿನೋಪ್ಟೆರಿನ್‌ನ ಜೊತೆಗೇ ಲೆಡರ್ಲೆಯಲ್ಲಿ ಹುಟ್ಟಿದ ತಮ್ಮನೇ ಮೆಥೋಟ್ರೆಕ್ಸೇಟ್. ಅದರ ಅಡ್ಡಪರಿಣಾಮ ನಿಭಾಯಿಸಲು ಸುಲಭವಾದ್ದರಿಂದ ಅಣ್ಣನ ಜಾಗಕ್ಕೆ ತಮ್ಮ ಬಂದ. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ ಗರ್ಭಕ್ಕೆ ಸಂಬಂಧಿಸಿದ ಒಂದು ಕ್ಯಾನ್ಸರನ್ನು ಇದರಿಂದ ಪೂರ್ತಿ ವಾಸಿ ಮಾಡಿ ತೋರಿಸಿದರು. ಇಂದು ಸಂಧಿವಾತಕ್ಕೂ ಇದೇ ಮಾತ್ರೆ ಬರೆದುಕೊಡುತ್ತಾರೆ, ವಾರಕ್ಕೆ ಒಂದೇ ದಿನ. ಇಲ್ಲಿ ಒಂದು ಮಾತು ಹೇಳಲೇಬೇಕು. ವಾರಕ್ಕೊಮ್ಮೆ ನುಂಗಬೇಕಾದ್ದನ್ನು ದಿನಾ ನುಂಗಿ ಪ್ರಾಣ ಕಳೆದುಕೊಂಡವರು ಹಲವು ದೇಶಗಳಲ್ಲಿದ್ದಾರೆ. ಮಾತ್ರೆಯ ಪಟ್ಟಿಯ ಮೇಲಿರುವುದು ಇಂಗ್ಲಿಷ್. ನಮ್ಮ ಅಮ್ಮೀಜಾನ್, ದಾದಿಯರಿಗೆ ಬರುವುದು ಉರ್ದು ಅಥವಾ ಕನ್ನಡ. ವಾರದ ಯಾವ ದಿನವೆಂದು ಅವರಿಗೆ ಗೊತ್ತಿರುವ ಲಿಪಿಯಲ್ಲಿ ಡಬ್ಬಿಯ ಮೇಲೆ ಬರೆದಂಟಿಸುವುದು ಮನೆಯಲ್ಲಿ ಓದುವ ಮಕ್ಕಳ ಕೆಲಸ.

ಕ್ಯಾನ್ಸರಿನಲ್ಲಿ ಈ ಔಷಧಿಯ ಪ್ರಮಾಣ ಬೇರೆಯೇ. ಮೂಳೆ ಕ್ಯಾನ್ಸರ್ ಆದ ಹದಿಹರೆಯದವರಿಗೆ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 12 ಗ್ರಾಂವರೆಗೆ ರಕ್ತನಾಳದ ಮೂಲಕ ಕೊಡುತ್ತಾರೆ. ಒಂದೂವರೆ ಚದರ ಮೀಟರ್ ಮೇಲ್ಮೈಯ ಹುಡುಗನಿಗೆ ಅದು 18 ಗ್ರಾಂ ಆಯಿತು. ಸಂಧಿವಾತದವರು ವಾರಕ್ಕೆ 15 ಮಿಲಿಗ್ರಾಂ ತೆಗೆದುಕೊಳ್ಳುತ್ತಾರೆಂದರೆ ಇದು ಅದರ 1200 ಪಟ್ಟು. ಹಾಗೇ ಬಿಟ್ಟರೆ ಮನುಷ್ಯ ಉಳಿಯಲಾರ. ಆದ್ದರಿಂದ ಮೊದಲು ವಿಷ, ಅದರ ಹಿಂದೆಯೇ ಪರಿಹಾರ ಎಂಬ ಕ್ರಮವಿದೆ. ಲ್ಯೂಕೋವೊರಿನ್ ಎಂಬ ಇನ್ನೊಂದು ಬಗೆಯ ಫೋಲೇಟ್ ಕೊಟ್ಟು, ನಕಲಿ ಕೈ ಸಿಕ್ಕಿಕೊಂಡ ಬೀಗವನ್ನು ಬಳಸಿ ಹಿಂಬಾಗಿಲಿನಿಂದ ಒಳ್ಳೆಯ ಜೀವಕೋಶಗಳಿಗೆ ಆಹಾರ ಮುಟ್ಟಿಸುತ್ತಾರೆ. ಔಷಧಿ ಬಹುಪಾಲು ಮೂತ್ರದಲ್ಲೇ ಹೊರಹೋಗಬೇಕಾದ್ದರಿಂದ ಸಾಕಷ್ಟು ದ್ರವ ಹನಿಸಿ, ಮೂತ್ರವನ್ನು ಕ್ಷಾರೀಯವಾಗಿ ಇಡುತ್ತಾರೆ. ಇಲ್ಲವಾದರೆ ಅದು ಹರಳುಗಟ್ಟಿ ಮೂತ್ರಪಿಂಡವನ್ನೇ ಕಟ್ಟಿಬಿಡುತ್ತದೆ. ಕೆಲವು ನೋವಿನ ಮಾತ್ರೆಗಳೂ ಕೆಲವು ಆಂಟಿಬಯೋಟಿಕ್‌ಗಳೂ ಅದು ಹೊರಹೋಗುವುದನ್ನು ತಡಮಾಡುತ್ತವೆ.

ಒಂದೇ ಪ್ರಮಾಣ ಕೊಟ್ಟರೂ ಒಬ್ಬರ ರಕ್ತದಿಂದ ಬೇಗ ಹೋಗುತ್ತದೆ, ಇನ್ನೊಬ್ಬರಲ್ಲಿ ನಿಲ್ಲುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ರಕ್ತ ತೆಗೆದು ಅಳೆಯಲೇಬೇಕು. ಮೂಳೆ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಅನುಸರಿಸುವ ಲೆಕ್ಕದಂತೆ ಲೀಟರಿಗೆ 24ನೇ ಗಂಟೆಗೆ 10 ಮೈಕ್ರೊಮೋಲ್, 48ಕ್ಕೆ 1, 72ಕ್ಕೆ 0.1, ಇದಕ್ಕಿಂತ ಕೆಳಗಿರಬೇಕು. ಕೊನೆಯದೆಂದರೆ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಸುಮಾರು 45 ನ್ಯಾನೋಗ್ರಾಂ. ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ.

ಇಷ್ಟು ಸೂಕ್ಷ್ಮ ಅಳತೆಗೆ ಬಳಸುವ ಸಾಧನಗಳಲ್ಲಿ ಲಿಕ್ವಿಡ್ ಕ್ರೊಮಟೋಗ್ರಫಿ ಬಹು ನಂಬಿಕೆಯದು. ಎಲೆಯ ಬಣ್ಣಗಳನ್ನು ಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಬಿಟ್ಟು ಪಟ್ಟಿ ಪಟ್ಟಿಯಾಗಿ ಬೇರ್ಪಡಿಸಿದ ರಷ್ಯನ್ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆತ್ ಇದರ ಮೂಲಪುರುಷರು. 1903ರಲ್ಲಿ ವಾರ್ಸಾ ನಗರದಲ್ಲಿ ಅವರು ಇದನ್ನು ವಿವರಿಸಿದರು. ಅವರ ಹೆಸರಿಗೆ ರಷ್ಯನ್ ಭಾಷೆಯಲ್ಲಿ ಬಣ್ಣ ಎಂದೇ ಅರ್ಥ. ಇಂದಿನ ಯಂತ್ರದಲ್ಲಿ ಗಾಜಿನ ಕೊಳವೆಯ ಬದಲು ಗೇಣುದ್ದದ ಉಕ್ಕಿನ ಕೊಳವೆ ಇದೆ, ಒಳಗೆ ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳಿವೆ, ದ್ರವವನ್ನು ನೂಕಲು ಭಾರಿ ಒತ್ತಡದ ಪಂಪು ಇದೆ.

ಕೆಲಸ ಹೀಗೆ ಸಾಗುತ್ತದೆ. ಮೆಥೋಟ್ರೆಕ್ಸೇಟ್ ಬೆಳಕಿಗೆ ಕೆಡುವುದರಿಂದ ರಕ್ತದ ನಳಿಕೆಯನ್ನು ಬೆಳಕಿನಿಂದ ಮರೆಮಾಡುತ್ತಾರೆ. ಗಿರಗಿರನೆ ತಿರುಗಿಸಿ ಕೆಂಪುಕಣ ಕೆಳಗಿಳಿಸಿ ಮೇಲಿನ ಹಳದಿ ಪ್ಲಾಸ್ಮಾ ತೆಗೆಯುತ್ತಾರೆ. ಅಸಿಟೋನೈಟ್ರೈಲ್ ಅಥವಾ ಆಮ್ಲ ಹಾಕಿ ಪ್ರೋಟೀನನ್ನು ಹೆಪ್ಪುಗಟ್ಟಿಸಿ ಬೇರ್ಪಡಿಸುತ್ತಾರೆ. ತಿಳಿಯ ಒಂದು ಸಣ್ಣ ಹನಿ ಕೊಳವೆಯೊಳಗೆ ಹೋಗುತ್ತದೆ. ಸಿಲಿಕಾ ಕಣಗಳಿಗೆ ಉದ್ದನೆಯ ಇಂಗಾಲದ ಸರಪಳಿ ಲೇಪಿಸಿರುತ್ತಾರೆ. ಅದಕ್ಕೆ ಹೆಚ್ಚು ಅಂಟುವ ವಸ್ತು ತಡವಾಗಿ, ಕಡಿಮೆ ಅಂಟುವುದು ಬೇಗ ಹೊರಬರುತ್ತದೆ. ಹೊರಬರುವ ದ್ವಾರದಲ್ಲಿ ನೇರಳಾತೀತ ಕಿರಣ ಹಾಯಿಸಿರುತ್ತಾರೆ. ಔಷಧಿ ದಾಟಿದಾಗ ಅದು ಕಿರಣವನ್ನು ಹೀರುತ್ತದೆ, ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ. ಎದ್ದ ಹೊತ್ತು ವಸ್ತು ಯಾವುದೆಂದು ಹೇಳುತ್ತದೆ, ಗುಡ್ಡದ ವಿಸ್ತೀರ್ಣ ಎಷ್ಟೆಂದು ಹೇಳುತ್ತದೆ. ಪ್ರಮಾಣ ಗೊತ್ತಿರುವ ಮಾದರಿಗಳ ಗುಡ್ಡಗಳೊಂದಿಗೆ ಹೋಲಿಸಿ ಲೆಕ್ಕ ತೆಗೆಯುತ್ತಾರೆ. 1925ರ ಸುಬ್ಬರಾವ್ ಅವರನ್ನು ಈ ಮೇಜಿನ ಮುಂದೆ ನಿಲ್ಲಿಸಿದ್ದರೆ ಪಂಪು ನೋಡಿ ಬೆರಗಾಗುತ್ತಿದ್ದರು. ಉಳಿದ ಹೆಜ್ಜೆಗಳು ಅವರ ಕೈಗೆ ರೂಢಿಯಾಗಿದ್ದವೇ.

ಹೆಚ್ಚಿನ ಆಸ್ಪತ್ರೆಗಳು ಇದಕ್ಕಿಂತ ಬೇಗ ಮುಗಿಯುವ ಇಮ್ಯುನೋ ಪರೀಕ್ಷೆಯನ್ನೇ ಬಳಸುತ್ತವೆ. ಔಷಧಿಯನ್ನು ಗುರುತಿಸುವ ಪ್ರತಿಕಾಯಗಳಿಂದ ನಡೆಯುವ ಪರೀಕ್ಷೆ ಅದು. ಸಾಮಾನ್ಯ ದಿನಗಳಲ್ಲಿ ಅದು ಸಾಕು. ಆದರೆ ಮೂತ್ರಪಿಂಡ ಸೋತು ಔಷಧಿ ರಕ್ತದಲ್ಲೇ ನಿಂತಾಗ ಗ್ಲೂಕಾರ್ಪಿಡೇಸ್ ಎಂಬ ಕಿಣ್ವ ಚುಚ್ಚಿ ಮೆಥೋಟ್ರೆಕ್ಸೇಟನ್ನು ಎರಡು ತುಂಡು ಮಾಡುವ ಚಿಕಿತ್ಸೆಯಿದೆ. ಅಮೆರಿಕದಲ್ಲಿ 2012ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ತುಂಡುಗಳಲ್ಲೊಂದು ನೋಡಲು ಮೂಲ ಔಷಧಿಯಂತೆಯೇ ಇರುವುದರಿಂದ ಪ್ರತಿಕಾಯ ಮೋಸಹೋಗಿ, ಇಲ್ಲದ ವಿಷವನ್ನು ಇದೆ ಎನ್ನುತ್ತದೆ. ಕಿಣ್ವ ಕೊಟ್ಟ ಮೊದಲ ಎರಡು ದಿನ ಆ ವರದಿಯನ್ನು ನಂಬುವಂತಿಲ್ಲ. ಆಗ ನಂಬಬಹುದಾದದ್ದು ತುಂಡನ್ನೂ ಮೂಲವನ್ನೂ ಬೇರೆ ಬೇರೆ ಗುಡ್ಡವಾಗಿ ತೋರಿಸುವ ಕೊಳವೆಯನ್ನೇ.

ರಾತ್ರಿ ಪಾಳಿಯ ಟೆಕ್ನಿಷಿಯನ್ ಆ ಸಂಖ್ಯೆಯನ್ನು ವಾರ್ಡಿಗೆ ತಿಳಿಸುತ್ತಾರೆ. ಹೆಚ್ಚಿದ್ದರೆ ಲ್ಯೂಕೋವೊರಿನ್ ಮುಂದುವರಿಯುತ್ತದೆ, ಮರುದಿನ ಮತ್ತೆ ರಕ್ತ ತೆಗೆಯುತ್ತಾರೆ. 0.1ಕ್ಕಿಂತ ಕೆಳಗಿಳಿದ ಮೇಲೆ ಹನಿಸುವುದನ್ನು ನಿಲ್ಲಿಸಿ ಮಗುವನ್ನು ಮನೆಗೆ ಕಳಿಸುತ್ತಾರೆ.